ಎರಡು ಗಂಟೆ ನುಂಗಿದವರು ಯಾರು?

ಬೆಂಗಳೂರಿಗೂ ಟೋಕಿಯೊಗೂ ಎಷ್ಟು ದೂರ ಅಂತ ನಮ್ಮ ಭಾವನನ್ನು ಮಾತ್ರ ಕೇಳಬೇಡಿ. ಮಗಳು ಅಲ್ಲಿ ಕೆಲಸಕ್ಕೆ ಸೇರಿದ ಮೇಲೆ ಅವರು ಅರ್ಧ ಪೈಲಟ್ ಆಗಿಬಿಟ್ಟಿದ್ದಾರೆ. “ಸುಮಾರು 6,700 ಕಿಲೋಮೀಟರ್” ಎನ್ನುತ್ತಾರೆ. ಅಷ್ಟಕ್ಕೇ ನಿಲ್ಲಿಸಿದರೆ ಅವರು ಭಾವನೇ ಅಲ್ಲ. “ನೇರ ವಿಮಾನ ಹೋಗುವಾಗ ಎಂಟು ಗಂಟೆ, ಬರುವಾಗ ಹತ್ತರ ಹತ್ತಿರ. ಈ ಎರಡು ಗಂಟೆ ನುಂಗಿದವರು ಯಾರು?”

ಅಡುಗೆಮನೆಯಿಂದ ಅಕ್ಕನ ಉತ್ತರ: “ಜಪಾನು ಇಳಿಜಾರಿನಲ್ಲಿದೆ ಅಂತ ಕಾಣುತ್ತೆ.”

ನುಂಗಿದ್ದು ಗಾಳಿ, ಸ್ವಾಮಿ. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಯ ಹೊಳೆ ಹರಿಯುತ್ತದೆ. ಚಳಿಗಾಲದಲ್ಲಿ ಜಪಾನಿನ ನೆತ್ತಿಯ ಮೇಲೆ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುವುದೂ ಉಂಟು. ಹೋಗುವಾಗ ಬೆನ್ನಿಗೆ ಬಿದ್ದು ನೂಕುತ್ತದೆ, ಬರುವಾಗ ಎದೆಗೆ ಕೈಕೊಟ್ಟು ತಡೆಯುತ್ತದೆ. ಇದನ್ನು ಮೊದಲು ಅಳೆದವರೂ ಜಪಾನಿನವರೇ. ವಾಸಬುರೊ ಓಯಿಶಿ ಎಂಬ ಹವಾಮಾನ ತಜ್ಞರು 1920ರ ದಶಕದಲ್ಲಿ ತಾತೆನೊ ವೀಕ್ಷಣಾಲಯದಿಂದ ಬಲೂನು ಹಾರಿಸಿ ಲೆಕ್ಕ ಹಾಕಿದರು. ಜಗತ್ತೆಲ್ಲ ಓದಲಿ ಅಂತ 1926ರಲ್ಲಿ ವರದಿಯನ್ನು ಎಸ್ಪೆರಾಂತೊ ಭಾಷೆಯಲ್ಲಿ ಪ್ರಕಟಿಸಿದರು. ಪಾಪ, ಜಗತ್ತಿನ ಹೆಚ್ಚಿನವರು ಅತ್ತ ತಿರುಗಿಯೂ ನೋಡಲಿಲ್ಲ. 1944ರ ಕೊನೆಗೆ ಟೋಕಿಯೊ ಮೇಲೆ ಬಾಂಬು ಹಾಕಲು ಹೋದ ಅಮೆರಿಕದ ಬಿ-29 ವಿಮಾನಗಳು ಇದೇ ಗಾಳಿಗೆ ಸಿಕ್ಕಿ ಗುರಿ ತಪ್ಪಿ ಒದ್ದಾಡಿದವು.

ಇಷ್ಟು ಹೇಳಿದರೂ ಭಾವ ಒಪ್ಪುವುದಿಲ್ಲ. ಅವರ ಕೈಗಡಿಯಾರ ಬೇರೆಯೇ ಕಥೆ ಹೇಳುತ್ತದೆ. ಸಂಜೆ ಆರೂವರೆಗೆ ಇಲ್ಲಿ ಹತ್ತಿದರೆ ಅಲ್ಲಿ ಇಳಿಯುವಾಗ ಬೆಳಗಿನ ಆರು; ಗೋಡೆ ಗಡಿಯಾರಗಳ ಪ್ರಕಾರ ಹನ್ನೊಂದೂವರೆ ಗಂಟೆ! ಬೆಳಗ್ಗೆ ಹನ್ನೊಂದಕ್ಕೆ ಅಲ್ಲಿ ಹತ್ತಿದರೆ ಇಲ್ಲಿ ಸಂಜೆ ಐದೂವರೆ. ಬರೀ ಆರೂವರೆ ಗಂಟೆ. ಟೋಕಿಯೊ ನಮಗಿಂತ ಮೂರೂವರೆ ಗಂಟೆ ಮುಂದಿದೆಯಲ್ಲ, ಬೇಗ ಮುಗಿದ ಪ್ರಯಾಣ ಉದ್ದವಾಗಿಯೂ ಉದ್ದದ್ದು ಗಿಡ್ಡವಾಗಿಯೂ ಕಾಣುವುದು ಅದಕ್ಕೇ. ಸೊಂಟವನ್ನು ಕೇಳಿದರೆ ನಿಜ ಹೇಳುತ್ತದೆ, ಆದರೆ ಭಾವ ಸೊಂಟದ ಮಾತು ಯಾವತ್ತು ಕೇಳಿದ್ದಾರೆ?

ಅವರ ಇನ್ನೊಂದು ತಕರಾರು ಸೀಟಿನ ಮುಂದಿನ ಪರದೆಯದು. “ಬಂಗಾಳಕೊಲ್ಲಿ, ಮ್ಯಾನ್ಮಾರ್, ಚೀನಾ ಅಂತ ಬಿಲ್ಲಿನ ಹಾಗೆ ಬಗ್ಗಿಸಿ ಓಡಿಸ್ತಾನಲ್ಲ, ಆಟೋದವನ ಸುತ್ತಾಟ!” ಉಂಡೆಯಾದ ಭೂಮಿಯನ್ನು ಹಾಳೆಯ ಮೇಲೆ ಚಪ್ಪಟೆ ಮಾಡಿದವರನ್ನು ಬೈಯಬೇಕು. ಹತ್ತಿರದ ದಾರಿ ನಕ್ಷೆಯಲ್ಲಿ ಬಾಗಿಯೇ ಕಾಣುತ್ತದೆ.

ಇನ್ನು ಟೋಕಿಯೊ ಅಂತ ಇಳಿಸುವ ನರಿತಾ ನಿಲ್ದಾಣ ಇರುವುದು ಪಕ್ಕದ ಚಿಬಾ ಪ್ರಾಂತದಲ್ಲಿ. ಊರಿನ ನಡುವಿಗೆ ಹೋಗಲು ರೈಲಿನಲ್ಲೇ ಸುಮಾರು ಒಂದು ಗಂಟೆ. ನಾವೇನೂ ಕಡಿಮೆಯಿಲ್ಲ, ದೇವನಹಳ್ಳಿಯನ್ನು ಬೆಂಗಳೂರು ಎಂದು ನಂಬಿಸಿದ್ದೇವೆ. ಜೆಟ್ ಗಾಳಿಗಾದರೂ ಚಳಿಗಾಲದಲ್ಲಿ ಜೋರು, ಬೇಸಿಗೆಯಲ್ಲಿ ಮೆತ್ತಗೆ ಎಂಬ ಕ್ರಮವಿದೆ. ಹೆಬ್ಬಾಳದ ಫ್ಲೈಓವರಿಗೆ ಅದೂ ಇಲ್ಲದ ಕಾರಣ, ಸಂಜೆಯ ವಿಮಾನಕ್ಕೆ ಭಾವ ಬೆಳಗಿನ ತಿಂಡಿ ಮುಗಿಸಿಯೇ ಜಯನಗರ ಬಿಡುತ್ತಾರೆ.