ಸೊನ್ನೆ ಸುತ್ತುವ ಚಿತ್ರಗಾರ

ಹೊಸದಾಗಿ ಚಿತ್ರ ಕಲಿಯಲು ಹೊರಟವನನ್ನು ತಾಳವಾಡಿ ಸೀಮೆಯಲ್ಲಿ ಗುರುತಿಸುವುದು ಸುಲಭ. ಕಿವಿಯ ಸಂದಿಯಲ್ಲೊಂದು ಎಚ್‌ಬಿ ಪೆನ್ಸಿಲ್, ಬೆರಳ ತುದಿಯಲ್ಲಿ ಕಪ್ಪು, ಕಂಡದ್ದನ್ನೆಲ್ಲ ಒಂದು ಕಣ್ಣು ಮುಚ್ಚಿ ಅಳೆಯುವ ಚಾಳಿ. ಅವನ ಪಾಲಿಗೆ ಹೊಲದ ಎಲೆಕೋಸು ವೃತ್ತ, ಹೆಂಚಿನ ಮನೆ ಚೌಕದ ಮೇಲೆ ಕೂತ ತ್ರಿಕೋನ, ಕಬ್ಬಿನ ಜಲ್ಲೆ ಸಿಲಿಂಡರ್. ಪ್ರಕೃತಿಯನ್ನು ಸಿಲಿಂಡರ್, ಗೋಳ, ಶಂಕುಗಳಾಗಿ ಕಾಣಬೇಕೆಂದು ಫ್ರಾನ್ಸಿನ ಸೆಜಾನ್ 1904ರಲ್ಲೇ ಕಿರಿಯ ಚಿತ್ರಕಾರ ಎಮಿಲ್ ಬರ್ನಾರ್‌ಗೆ ಬರೆದಿದ್ದ. ಇವನಿಗೆ ಅದನ್ನು ಹೇಳಿದ್ದು ಮೊಬೈಲಿನ ಹತ್ತು ನಿಮಿಷದ ವಿಡಿಯೊ.

ಮೊದಲ ವಾರವೆಲ್ಲ ಸೊನ್ನೆ ಸುತ್ತುವುದೇ ಕೆಲಸ. ಮಣಿಕಟ್ಟನ್ನಷ್ಟೇ ತಿರುವಿದರೆ ವೃತ್ತ ಆಲೂಗಡ್ಡೆಯಾಗುತ್ತದೆ. ಭುಜದಿಂದ ಇಡೀ ತೋಳಾಡಿಸಿ, ಪೆನ್ಸಿಲ್ ಹಾಳೆಗೆ ತಾಗುವ ಮುನ್ನ ಗಾಳಿಯಲ್ಲಿ ಎರಡು ಸುತ್ತು ಹಾಕಿಕೊಂಡರೆ ಗುಂಡಗೆ ಬರುತ್ತದೆ. ಇವನ ಗೆರೆಗಳು ಮಾತ್ರ ದಿಂಬಂ ಘಾಟಿಯ 27 ತಿರುವುಗಳಲ್ಲಿ ಬಸ್ಸಿನೊಳಗೆ ಕೂತು ಎಳೆದಂತಿರುತ್ತವೆ. ಕೊನೆಗೆ ಅಕ್ಕನ ಬಳೆ ಇಟ್ಟು ಗೀರುತ್ತಾನೆ. ಅಷ್ಟರಲ್ಲಿ ಅವ್ವ ಬಾಗಿಲಲ್ಲಿ ಕೈವಾರವಿಲ್ಲದೆ ರಂಗೋಲಿ ಮುಗಿಸಿ ಒಳಗೆ ಹೋಗಿರುತ್ತಾಳೆ. ಅದು ಅವನ ಲೆಕ್ಕದಲ್ಲಿ ಚಿತ್ರವಲ್ಲ.

ಆಮೇಲೆ ಲೋಟ. ಓರೆಯಿಂದ ನೋಡಿದರೆ ಅದರ ಬಾಯಿ ಅಂಡಾಕಾರ. ತಳವೂ ಹಾಗೇ ಬಾಗುತ್ತದೆ, ತುಸು ಹೆಚ್ಚೇ. ಹೊಸಬನ ಲೋಟಕ್ಕೆ ಬಾದಾಮಿಯಂಥ ಚೂಪು ಬಾಯಿ, ತಳಕ್ಕೆ ನೆಟ್ಟಗಿನ ಗೆರೆ. ಮೇಜು ಸಪಾಟಾಗಿದೆಯಲ್ಲ ಎಂಬುದು ಅವನ ವಾದ.

ನಿಜವಾದ ಪರೀಕ್ಷೆ ಆನೆ. ಹೊಟ್ಟೆಗೊಂದು ಅಂಡಾಕಾರ, ತಲೆಗೊಂದು ವೃತ್ತ, ಕಾಲಿಗೆ ನಾಲ್ಕು ಸಿಲಿಂಡರ್. ಬೇರೆ ಊರಲ್ಲಾಗಿದ್ದರೆ ಇಷ್ಟಕ್ಕೇ ಶಹಬ್ಬಾಸ್ ಸಿಗುತ್ತಿತ್ತು. ಇಲ್ಲಿ ಪಕ್ಕದಲ್ಲೇ ಸತ್ಯಮಂಗಲದ ಹುಲಿ ಕಾಡು; ರಾತ್ರಿಯೆಲ್ಲ ಎದ್ದು ಜೋಳ, ಕಬ್ಬು ಕಾಯುವವರು ಆನೆಯನ್ನು ನೋಡಿರುವುದು ವಿಡಿಯೊದಲ್ಲಲ್ಲ. "ಇದೇನ್ಲಾ ಮಗ, ಕೊಡಕ್ಕೆ ಬಾಲ ಇಟ್ಟಿದ್ದೀಯ? ಹಿಂಗಾಲು ಬೇರೆ ದನದ್ದು" ಎನ್ನುತ್ತಾರೆ ದೊಡ್ಡಪ್ಪ. ಆನೆಯ ಹಿಂಗಾಲು ಮನುಷ್ಯನ ಮಂಡಿಯಂತೆ ಮಡಚುತ್ತದೆಂದು ವಿಡಿಯೊದವನು ಹೇಳಿರುವುದಿಲ್ಲ.

ಆನೆ ಕೈಕೊಟ್ಟ ಮೇಲೆ ಮುಖ. ನಟ ರಾಜ್‌ಕುಮಾರರ ಊರು ದೊಡ್ಡಗಾಜನೂರು ಇದೇ ಸೀಮೆಯಲ್ಲಿರುವಾಗ ಅವರನ್ನು ಬಿಟ್ಟು ಬೇರೆಯವರನ್ನು ಬರೆಯುವಂತಿಲ್ಲ. ತಲೆಯ ಎತ್ತರದ ನಟ್ಟನಡುವೆ ಕಣ್ಣು ಬರಬೇಕು; ಕೂದಲಿಗೂ ಜಾಗ ಬೇಕೆಂಬುದನ್ನು ಮರೆತು ಇವನು ಹಣೆಯಲ್ಲಿ ಕಣ್ಣಿಡುತ್ತಾನೆ. ಮೂಗಿಗೆ ತ್ರಿಕೋನ. ಆ ಮೂಗನ್ನೋ ಊರಿಗೆ ಊರೇ ಬಲ್ಲದು. ನಾಲ್ಕು ಸಲ ಉಜ್ಜಿ ಹಾಳೆ ತೂತು ಬೀಳುವ ಹೊತ್ತಿಗೆ ಕೆಳಗೆ ದಪ್ಪಕ್ಷರದಲ್ಲಿ ಹೆಸರು ಬರೆಯುತ್ತಾನೆ. ಇಡೀ ಹಾಳೆಯಲ್ಲಿ ರಬ್ಬರ್ ಮುಟ್ಟದ್ದು ಅದೊಂದೇ.