ದತ್ತಕ ಕೂಸು ಬಂದ ಓಣಿಗೆ ನಾಲಿಗೆ ಬಳಕೆಯ ಕೈಪಿಡಿ

ಬಳಸುವ ಮುನ್ನ ಪೂರ್ತಿ ಓದಿರಿ. ಕೂಸಿಗೆ ಕೈಪಿಡಿ ಬೇಕಾಗಿಲ್ಲ. ಹಸಿದರೆ ಅಳುವುದು, ಹೊಟ್ಟೆ ತುಂಬಿದರೆ ಮಲಗುವುದು ಅದಕ್ಕೆ ಬರುತ್ತದೆ. ದತ್ತು ಪಡೆದ ತಂದೆ-ತಾಯಿಗಂತೂ ಸರ್ಕಾರ ಬೇಕಾದಷ್ಟು ಕಾಗದ ಓದಿಸಿರುತ್ತದೆ. ಏನೂ ಓದದೆ ಸೀದಾ ಕೆಲಸಕ್ಕಿಳಿಯುವ ಉಪಕರಣ ಒಂದೇ. ವಿಜಯಪುರದ ಓಣಿಗಳಲ್ಲಿ, ತಿಕೋಟಾದ ದ್ರಾಕ್ಷಿ ತೋಟದ ಮನೆಗಳಲ್ಲಿ, ಬಬಲೇಶ್ವರದ ಬಸ್ ಸ್ಟ್ಯಾಂಡಿನಲ್ಲಿ ಅದು ಪುಕ್ಕಟೆ ಸಿಗುತ್ತದೆ: ನಮ್ಮ ನಾಲಿಗೆ.

ಮೊದಲ ಭೇಟಿ

ಹೋಗಿ. ಕೂಸಿಗೆ ಕುಂಚಿಗಿ ಒಯ್ಯಿರಿ, ತಾಯಿಗೆ ಉಡಿ ತುಂಬಿರಿ. "ಹಡದಾಕಿಗೆ ಉಡಿ ತುಂಬತಾರ, ಈಕಿಗೆ ಹೆಂಗ?" ಎಂದು ಪಡಸಾಲೆಯಲ್ಲಿ ಪಂಚಾಯ್ತಿ ಎದ್ದರೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಬೇರು, ಖಣ ಇಟ್ಟ ತಟ್ಟೆಯನ್ನು ಎತ್ತಿಕೊಂಡು ನೀವೇ ಮುಂದಾಗಿ. ಪಂಚಾಯ್ತಿ ತಾನೇ ಮುಗಿಯುತ್ತದೆ. ಇಲ್ಲಿಯವರೆಗೆ ಉಪಕರಣ ಚಾಲೂ ಮಾಡುವ ಅಗತ್ಯವೇ ಬಿದ್ದಿಲ್ಲ, ಗಮನಿಸಿ.

ತೊಂದರೆ ಶುರುವಾಗುವುದು ಚಹಾ ಬಂದ ಮೇಲೆ. ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು, ಕಿವಿ ಮಡಚಿ ನೋಡಿ, "ಮೂಗ ಯಾರ ಹಂಗ ಐತಿ? ನಿಮ್ಮ ಮನ್ಯಾಗ ಇಷ್ಟ ಕೆಂಪ ಯಾರೂ ಇಲ್ಲಲ್ರಿ" ಎನ್ನುವುದು ಎಪಿಎಂಸಿಯಲ್ಲಿ ಒಣದ್ರಾಕ್ಷಿಯ ಬಣ್ಣ ನೋಡಿ ದರ ಕಟ್ಟುವವರ ರೂಢಿ. ಅದರ ಬೆನ್ನಿಗೇ ಬರುವ "ಯಾವ ಮಂದೀದು?" ಎಂಬ ಪ್ರಶ್ನೆಗೆ ಉತ್ತರ ನಿಮ್ಮ ಕಣ್ಣೆದುರೇ ಇದೆ: ಈ ಮನೆ ಮಂದೀದು.

"ಭಾಳ ಪುಣ್ಯಾದ ಕೆಲಸ ಮಾಡಿದ್ರಿ" ಎಂಬುದು ಕೇಳಲು ಹಿತ, ಬಳಕೆಗೆ ಅಪಾಯಕಾರಿ. ತಿಳಿವಳಿಕೆ ಬಂದ ಮೇಲೂ ಕೂಸು ಅದನ್ನೇ ಕೇಳುತ್ತ ಬೆಳೆದರೆ ತಾನು ತಿಂದ ರೊಟ್ಟಿಗೂ ಎಲ್ಲೋ ಲೆಕ್ಕ ಬರೆದಿದ್ದಾರೆ ಅಂದುಕೊಳ್ಳುತ್ತದೆ. ಇನ್ನು "ಇದರ ಕಾಲ್ಗುಣಕ್ಕ ನಿಮ್ಮದೂ ಒಂದ ಆಗತೈತಿ ನೋಡ್ರಿ ವೈನಿ" ಎಂಬುದನ್ನು ನಿಷೇಧಿಸಲಾಗಿದೆ. ವೈನಿಯ ತೊಡೆಯ ಮೇಲೆ ಮಲಗಿರುವುದು ಹಾಗಾದರೆ ಯಾರದ್ದು?

ತಾಂತ್ರಿಕ ವಿವರ

"ಎಲ್ಲಿಂದ ತಂದ್ರಿ? ಎಷ್ಟ ಕೊಟ್ರಿ?" ಎಂದು ಬಾಯಿಗೆ ಬಂದರೆ ಈ ಭಾಗ ಓದಿ ನೀರು ಕುಡಿಯಿರಿ. ಕೇಂದ್ರದ ದತ್ತು ಪ್ರಾಧಿಕಾರ 'ಕಾರಾ'ದ ಪೋರ್ಟಲಿನಲ್ಲಿ ಈ ತಂದೆ-ತಾಯಿ ಹೆಸರು ಹಚ್ಚಿದ್ದಾರೆ. ಮದುವೆಯಾಗಿ 2 ವರ್ಷ ಆಗಿರಬೇಕು. 2 ವರ್ಷದೊಳಗಿನ ಕೂಸು ಬೇಕಾದರೆ ಗಂಡ-ಹೆಂಡತಿಯ ವಯಸ್ಸು ಕೂಡಿಸಿದರೂ 85 ದಾಟಬಾರದು. ಸಮಾಜ ಕಾರ್ಯಕರ್ತರು ಮನೆಗೆ ಬಂದು ಸಂಬಳ, ಸಂಬಂಧ, ಸ್ವಭಾವ ಎಲ್ಲ ವಿಚಾರಿಸಿ ವರದಿ ಬರೆದಿದ್ದಾರೆ. ಆಮೇಲೆ ಕಾದಿದ್ದಾರೆ, ಎಷ್ಟೋ ಮಂದಿ ವರ್ಷಗಟ್ಟಲೆ. ಅತ್ತ ಮಕ್ಕಳ ಕಲ್ಯಾಣ ಸಮಿತಿ ಈ ಮಗುವನ್ನು ದತ್ತು ಕೊಡಬಹುದೆಂದು ಘೋಷಿಸಬೇಕು. ಇಷ್ಟು ಕಾಯಿಸಿದ ಪೋರ್ಟಲು, ಮಗುವಿನ ವಿವರ ಬಂದ ಮೇಲೆ ಹೂಂ ಅನ್ನಲು ಕೊಡುವುದು 48 ಗಂಟೆ. 2022ರ ಸೆಪ್ಟೆಂಬರಿನಿಂದ ದತ್ತು ಆದೇಶ ಕೋರ್ಟಿನ ಬದಲು ಜಿಲ್ಲಾಧಿಕಾರಿಯಿಂದ ಬರುತ್ತದೆ. ಕೂಸು ಮನೆಗೆ ಬಂದ ಮೇಲೂ 2 ವರ್ಷ, 6 ತಿಂಗಳಿಗೊಮ್ಮೆ, ಕೂಸು ಹೇಗಿದೆ ಎಂದು ನೋಡಲು ಬರುತ್ತಾರೆ. ನಮ್ಮ ಹಡೆದ ಮಕ್ಕಳನ್ನು ಯಾರೂ ಹೀಗೆ ನೋಡಲು ಬರುವುದಿಲ್ಲ. ಬಂದರೆ ಎಷ್ಟು ಮನೆ ಪಾಸಾದಾವು?

"ದವಾಖಾನ್ಯಾಗ ಒಬ್ಬಾಕಿ ಕೂಸ ಕೊಡ್ತಾಳಂತ, ಕೊಡಸ್ಲೇನು?" ಎಂಬ ಉಪಕಾರಿಗಳು ಇಲ್ಲಿ ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಮಗು ಮಾರಿದವರಿಗೂ ಕೊಂಡವರಿಗೂ 5 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ನಿಮ್ಮ ನಾಲಿಗೆಗೆ ಅಷ್ಟೂ ಕೆಲಸ ಬೇಕಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನು ಹಚ್ಚಿ.

ಹಳೆಯ ಮಾದರಿಗಳು

ನಮ್ಮ ಸೀಮೆಗೆ ದತ್ತಕ ಹೊಸತಲ್ಲ. ತಮ್ಮನ ಮಗನನ್ನು ದತ್ತಕ ತಂದು ಹೊಲಕ್ಕೆ ವಾರಸುದಾರನನ್ನಾಗಿ ಮಾಡುವುದು ಗೊತ್ತೇ ಇತ್ತು. ಹೆಣ್ಣುಕೂಸಿಗೆ ಹಿಂದೂ ಕಾನೂನು ಆ ಬಾಗಿಲು ತೆರೆದದ್ದು 1956ರಲ್ಲಿ. ಈಗಲೂ "ದತ್ತಕ ತಂದದ್ದಕ್ಕ ಆಸ್ತಿ ಹೋಗತೈತೇನು?" ಎಂದು ಚಡಪಡಿಸುವ ಕಾಕಾಗಳಿಗಾಗಿ ಇತಿಹಾಸದ ಎರಡು ಪ್ರಯೋಗ ಲಗತ್ತಿಸಿದೆ. 1824ರಲ್ಲಿ ಕಿತ್ತೂರಿನ ಶಿವಲಿಂಗಪ್ಪನ ದತ್ತು ನಡೆಯುವುದಿಲ್ಲವೆಂದು ಹೋದ ಕಲೆಕ್ಟರ್ ಥ್ಯಾಕರೆ ಮನೆಗೆ ಮರಳಲಿಲ್ಲ. ವಿಜಯಪುರ ಆಗ ಸಾತಾರಾ ರಾಜರ ಕೈಲಿತ್ತು. 1848ರಲ್ಲಿ ಸಾತಾರಾದ ರಾಜ ಸಾಯುವಾಗ ದತ್ತು ತೆಗೆದುಕೊಂಡ ಹುಡುಗನನ್ನು ಗವರ್ನರ್ ಜನರಲ್ ಡಾಲ್‌ಹೌಸಿ ಒಪ್ಪಲಿಲ್ಲ. ಗೋಳಗುಮ್ಮಟ ಸಮೇತ ನಾವೆಲ್ಲ ಕಂಪನಿ ಸರ್ಕಾರಕ್ಕೆ ಸೇರಿಹೋದೆವು. "ಸ್ವಂತದ್ದೇನು ಅದು?" ಎಂದು ಕೇಳುವಾಗ ನೀವು ಯಾರ ಸಾಲಿನಲ್ಲಿ ಕೂತಿದ್ದೀರಿ, ನೋಡಿಕೊಳ್ಳಿ.

ಸೋರಿಕೆ

ಕೂಸಿಗೆ ಅದರ ಕಥೆ ಹೇಳುವುದು ಅವ್ವ-ಅಪ್ಪನ ಕೆಲಸ. ಸಣ್ಣಂದಿನಿಂದಲೇ, ಉಣಿಸುತ್ತ, ತಲೆ ಬಾಚುತ್ತ ಹೇಳಿದರೆ ಅದು ಮನೆಯ ಮಾತಾಗುತ್ತದೆ. ಸಿದ್ಧೇಶ್ವರ ಜಾತ್ರೆಯ ಗದ್ದಲದಲ್ಲಿ ಯಾರೋ ಹಿರಿಯರು "ನಿಮ್ಮವ್ವ ನಿನ್ನ ಹಡದಿಲ್ಲ, ಗೊತ್ತೈತಿಲ್ಲ?" ಎಂದು ಸೋರಿಸಿದರೆ ಅದೇ ಮಾತು ಹೊಡೆತವಾಗುತ್ತದೆ. ಕೂಸು ನಿಮ್ಮನ್ನೇ ಕೇಳಿತೆನ್ನಿ. "ನಡಿ, ನಿಮ್ಮವ್ವನ್ನ ಕೇಳೂಣು" ಎಂದು ಕೈ ಹಿಡಿದು ಕರೆದೊಯ್ಯಿರಿ. ಸಾಲಿ ಮಾಸ್ತರರೇ, "ಹುಟ್ಟಿದ ದಿನದ ಫೋಟೋ ತರ್ರಿ" ಎಂಬ ಹೋಮ್‌ವರ್ಕಿನ ಬದಲು "ನಿಮಗ ಸೇರೂ ಫೋಟೋ ತರ್ರಿ" ಎಂದರೂ ಪಾಠ ನಡೆಯುತ್ತದೆ.

ಪೋಷಕತ್ವದ ಮನೆಗಳಿಗೆ ಹೆಚ್ಚಿನ ಸೂಚನೆ

ಕೆಲವು ಮನೆಗಳಿಗೆ ಕೂಸು ಬರುವುದು ದತ್ತಕವಾಗಿ ಅಲ್ಲ, ಸ್ವಂತ ಮನೆ ಸುಧಾರಿಸುವತನಕ ಬೆಳೆಯಲು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಆ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. "ರೊಕ್ಕಕ್ಕ ಇಟ್ಕೊಂಡಾರ" ಎನ್ನುವವರು ಬೆಳೆಯುವ ಹುಡುಗನ ಒಂದು ತಿಂಗಳ ಖರ್ಚು ಬರೆದು ಕೂಡಿಸಿ ನೋಡಬೇಕು. 2024ರ ಮಾರ್ಗಸೂಚಿಯಂತೆ, ದತ್ತು ಕೊಡಬಹುದಾದ ಮಗುವಾಗಿದ್ದರೆ, 2 ವರ್ಷ ಸಾಕಿದ ಮೇಲೆ ಆ ಮನೆಯವರೇ ದತ್ತು ಕೇಳಬಹುದು. ಮೊದಲು 5 ವರ್ಷ ಇತ್ತು. ಆದರೂ ಕೆಲವು ಮಕ್ಕಳು ತಿರುಗಿ ಹೋಗುತ್ತಾರೆ. ಹೋದ ದಿನ "ನಾ ಮೊದಲ ಹೇಳಿದ್ನಿ, ಹಚ್ಕೋಬ್ಯಾಡ್ರಿ ಅಂತ" ಎನ್ನಲು ಆ ಮನೆಗೆ ಹೋಗಬೇಡಿ. ಡಬ್ಬಿಯಲ್ಲಿ ರೊಟ್ಟಿ, ಮುಳಗಾಯಿ ಪಲ್ಯ ಹಾಕಿಕೊಂಡು ಹೋಗಿ, ಕೊಟ್ಟು, ಬನ್ನಿ. ಡಬ್ಬಿ ಕೇಳಲು ವಾರ ಬಿಟ್ಟು ಹೋದರೆ ನಡೆಯುತ್ತದೆ.