ಸಹಿ ಮಾತ್ರ ವಿದ್ಯಾರ್ಥಿಯದು

ಮಗಳನ್ನು ಎಂ.ಎಸ್. ಓದಲು ಅಮೆರಿಕಕ್ಕೆ ಕಳಿಸಲು ಹೊರಟ ನಮ್ಮ ಕಡೆಯ ಅಪ್ಪ ಬ್ಯಾಂಕಿನ ಮೆಟ್ಟಿಲು ಹತ್ತಿದರೆ, ಮ್ಯಾನೇಜರು ಮೊದಲು ಕೇಳುವುದು ಮಗಳ ಅಂಕಪಟ್ಟಿಯನ್ನಲ್ಲ, ಅಪ್ಪನ ಆದಾಯ ತೆರಿಗೆ ರಿಟರ್ನನ್ನು. ಆಮೇಲೆ ಮನೆಯ ಕ್ರಯಪತ್ರ, ಖಾತಾ, ಇಸಿ, ವಕೀಲರ ಅಭಿಪ್ರಾಯ, ಎಂಜಿನಿಯರರ ಮೌಲ್ಯಮಾಪನ. ಓದುವವಳು ಒಬ್ಬಳು, ನಿದ್ದೆಗೆಡುವುದು ಇಡೀ ಮನೆ. ಅದೇ ತರಗತಿಯಲ್ಲಿ ಅವಳ ಪಕ್ಕ ಕೂರುವ, ಅಲ್ಲೇ ಹುಟ್ಟಿದ ಕನ್ನಡದವರ ಹುಡುಗನ ಕತೆಯೇ ಬೇರೆ. ಅವನು ಅಮೆರಿಕದ ಪ್ರಜೆಯಾದ್ದರಿಂದ ಅವನಿಗೆ ಸಾಲ ಕೊಡುವುದು ಸಾಕ್ಷಾತ್ ಅಮೆರಿಕ ಸರ್ಕಾರ. ಸ್ನಾತಕೋತ್ತರಕ್ಕೆ ಕಾಲಿಟ್ಟ ಕ್ಷಣವೇ ಅವನು ಸರ್ಕಾರದ ಕಣ್ಣಿಗೆ ಸ್ವತಂತ್ರ ಜೀವಿ. ಅಪ್ಪನ ಸಂಬಳ ಎಷ್ಟೆಂದು ಯಾರೂ ಕೇಳುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತು, ಸಾಲವೆಂದರೆ ತೀರಿಸಬೇಕಾದದ್ದು ಎಂಬ ಉಪದೇಶವನ್ನು ಒಂದಿಷ್ಟು ಹೊತ್ತು ಓದಿ, ವಾಗ್ದಾನಪತ್ರಕ್ಕೆ ಒಮ್ಮೆ ಸಹಿ ಹಾಕಿದರೆ ಅದು ಹತ್ತು ವರ್ಷ ಬಾಳುತ್ತದೆ. ಇದನ್ನು ಕಂಡು ನಮ್ಮವರು ಕರುಬುವುದು ಸಹಜ. ಆದರೆ ಲೆಕ್ಕ ಹಾಕಿ ನೋಡಿದರೆ ಈ ಸಾಲದ ನಿಜವಾದ ಸಾಲಗಾರ ಆ ಹುಡುಗನಲ್ಲ, ವಿಶ್ವವಿದ್ಯಾಲಯ ಎಂಬುದು ನನ್ನ ವಾದ. ಹುಡುಗ ಬರೀ ಜಾಮೀನುದಾರ. ಜಾಮೀನು ಹಾಕಿದವರ ಗತಿ ಏನಾಗುತ್ತದೆಂದು ಕರ್ನಾಟಕದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಮೊದಲು ಅಲ್ಲಿಯೂ ಮಿತಿ ಇತ್ತು. ಉನ್ನತ ವ್ಯಾಸಂಗದ ವಿದ್ಯಾರ್ಥಿಗೆ ಸರ್ಕಾರ ಇಂತಿಷ್ಟೇ ಎಂದು ಕೊಡುತ್ತಿತ್ತು. ಸಾಲದೆ ಬಂದರೆ ಖಾಸಗಿ ಬ್ಯಾಂಕಿನ ಮುಂದೆ ನಿಲ್ಲಬೇಕಿತ್ತು. 2006ರ ಜುಲೈಯಿಂದ 'ಗ್ರ್ಯಾಡ್ ಪ್ಲಸ್' ಎಂಬ ಹೊಸ ಸಾಲ ಜಾರಿಗೆ ಬಂತು. ಅದರ ಮಿತಿ ಎಷ್ಟು ಅಂದರೆ, ಓದಿಗೆ ಎಷ್ಟು ಖರ್ಚೋ ಅಷ್ಟು, ಬೇರೆ ನೆರವನ್ನು ಕಳೆದು. ಖರ್ಚು ಎಷ್ಟೆಂದು ಹೇಳುವವರು ಯಾರು? ವಿಶ್ವವಿದ್ಯಾಲಯದವರೇ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ನಾವು ಮಕ್ಕಳಿಗೆ ಹೇಳುತ್ತೇವೆ; ಇಲ್ಲಿ ಕಾಲು ಚಾಚುವವರು ಒಬ್ಬರು, ಹಾಸಿಗೆ ಹೊಲಿದು ಕೊಡುವುದು ಸರ್ಕಾರ, ಹೊಲಿಗೆ ಕೂಲಿ ಮಾತ್ರ ವಿದ್ಯಾರ್ಥಿಯ ಲೆಕ್ಕಕ್ಕೆ. ಹಣ ಮೊದಲು ಹೋಗಿ ಬೀಳುವುದೂ ವಿಶ್ವವಿದ್ಯಾಲಯದ ಖಾತೆಗೇ. ಫೀಸು ಮುರಿದುಕೊಂಡು ಉಳಿದರೆ ಮನೆ ಬಾಡಿಗೆಗೆ, ಅನ್ನಕ್ಕೆ ಹುಡುಗನ ಕೈಗೆ ಬರುತ್ತದೆ. ಸರ್ಕಾರ ಅವನ ಹಳೆಯ ಸಾಲಗಳ ಚಾಳಿಯನ್ನು ಒಂದಿಷ್ಟು ನೋಡುತ್ತದೆ, ದಿವಾಳಿ ಎದ್ದಿದ್ದಾನೆಯೇ, ಕಂತು ತಪ್ಪಿಸಿದ್ದಾನೆಯೇ ಎಂದು. ನಾಳೆ ಏನು ದುಡಿಯಬಲ್ಲ ಎಂದು ಕೇಳುವುದಿಲ್ಲ. ದಂತವೈದ್ಯನಾಗುವವನೂ ಒಂದೇ, ಕವಿತೆ ಬರೆಯುವ ಕಲೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯುವವನೂ ಒಂದೇ. ಸಮಾನತೆಯ ದೃಷ್ಟಿಯಿಂದ ಇದು ಬಹಳ ದೊಡ್ಡ ಮಾತು. ಬಡ್ಡಿಯ ದೃಷ್ಟಿಯಿಂದ ನೋಡಬಾರದು ಅಷ್ಟೆ.

ಬಡ್ಡಿಯನ್ನೂ ನೋಡಿಬಿಡೋಣ. 2024-25ರಲ್ಲಿ ಗ್ರ್ಯಾಡ್ ಪ್ಲಸ್ ಬಡ್ಡಿ ಶೇ. 9.08. ಅದಕ್ಕೂ ಮೊದಲು ಸಾಲ ಕೊಟ್ಟದ್ದಕ್ಕೆ ಶುಲ್ಕವೆಂದು ಶೇ. 4.228 ಮುರಿದುಕೊಳ್ಳುತ್ತಾರೆ. ಹತ್ತು ಸಾವಿರ ಡಾಲರ್ ಸಾಲ ಮಾಡಿದವನಿಗೆ ಸಿಗುವುದು 9,577 ಡಾಲರ್ ಚಿಲ್ಲರೆ. ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೆ. ಕೊಡುವಾಗಲೇ ಬಡ್ಡಿ ಮುರಿದುಕೊಳ್ಳುವ ಮೀಟರ್ ಬಡ್ಡಿಯವರಿಗೆ ಈ ಪದ್ಧತಿ ಹೊಸದೇನಲ್ಲ, ಆದರೆ ಅವರು ಅದನ್ನು ವಿದ್ಯಾದಾನ ಎಂದು ಕರೆದುಕೊಂಡಿಲ್ಲ. ಒಂದು ಲಕ್ಷ ಡಾಲರ್ ಸಾಲಕ್ಕೆ ದಿನಕ್ಕೆ ಸುಮಾರು 25 ಡಾಲರ್ ಬಡ್ಡಿ ಹುಟ್ಟುತ್ತದೆ. ಭಾನುವಾರವೂ ಹುಟ್ಟುತ್ತದೆ, ಪರೀಕ್ಷೆಯ ದಿನವೂ ಹುಟ್ಟುತ್ತದೆ. ಓದು ಮುಗಿಯುವ ತನಕ ಸರ್ಕಾರವೇ ಬಡ್ಡಿ ಕಟ್ಟಿಕೊಳ್ಳುತ್ತಿದ್ದ ಇನ್ನೊಂದು ಬಗೆಯ ಸಾಲ ಮೊದಲು ಸ್ನಾತಕೋತ್ತರದವರಿಗೂ ಇತ್ತು. 2012ರ ಜುಲೈಯಲ್ಲಿ ಅದನ್ನು ನಿಲ್ಲಿಸಿದರು.

ಸರಿ, ಇದರಿಂದ ಲಾಭವಾದದ್ದು ಯಾರಿಗೆ? ಸರ್ಕಾರ ನೆರವು ಹೆಚ್ಚಿಸಿದಷ್ಟೂ ಕಾಲೇಜುಗಳು ಫೀಸು ಹೆಚ್ಚಿಸುತ್ತವೆ ಎಂದು ರೇಗನ್ ಕಾಲದ ಶಿಕ್ಷಣ ಕಾರ್ಯದರ್ಶಿ ವಿಲಿಯಂ ಬೆನೆಟ್ 1987ರಲ್ಲೇ ಪತ್ರಿಕೆಯಲ್ಲಿ ಬರೆದು ವಿಶ್ವವಿದ್ಯಾಲಯಗಳ ಕೋಪಕ್ಕೆ ಗುರಿಯಾಗಿದ್ದ. ಮುಂದೆ ಸಾಂಡ್ರಾ ಬ್ಲ್ಯಾಕ್, ಲೆಸ್ಲಿ ಟರ್ನರ್, ಜೆಫ್ರಿ ಡೆನ್ನಿಂಗ್ ಎಂಬ ಅರ್ಥಶಾಸ್ತ್ರಜ್ಞರು ಗ್ರ್ಯಾಡ್ ಪ್ಲಸ್ಸನ್ನೇ ಹಿಡಿದು ಪರೀಕ್ಷಿಸಿದರು. ಮಿತಿ ತೆಗೆದದ್ದರಿಂದ ಹೆಚ್ಚು ಜನ ಓದಲು ಬಂದರು ಎನ್ನುವುದಕ್ಕಾಗಲಿ, ಓದಿದವರ ಗಳಿಕೆ ಏರಿತು ಎನ್ನುವುದಕ್ಕಾಗಲಿ ಅವರಿಗೆ ಹೇಳಿಕೊಳ್ಳುವಂಥ ಪುರಾವೆ ಸಿಗಲಿಲ್ಲ. ಸಾಲ ಏರಿದ್ದು, ಫೀಸು ಏರಿದ್ದು ಮಾತ್ರ ಸಿಕ್ಕಿತು. ಕೊಲಂಬಿಯಾ ವಿಶ್ವವಿದ್ಯಾಲಯದ ಸಿನಿಮಾ ಪದವಿಯ ವಿಷಯವಂತೂ 2021ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಬಯಲಿಗೆಳೆದ ಮೇಲೆ ಮನೆಮಾತಾಯಿತು. ಸರ್ಕಾರಿ ಸಾಲ ಮಾಡಿ ಅಲ್ಲಿ ಓದಿದವರ ಸಾಲದ ಮಧ್ಯಾಂಕ 1,81,000 ಡಾಲರ್. ಓದು ಮುಗಿದು ಎರಡು ವರ್ಷವಾದರೂ ಅವರಲ್ಲಿ ಅರ್ಧ ಜನರ ವಾರ್ಷಿಕ ಸಂಪಾದನೆ 30,000 ಡಾಲರ್ ಮುಟ್ಟಿರಲಿಲ್ಲ. ಗಾಂಧಿನಗರದಲ್ಲೂ ಸಿನಿಮಾಕ್ಕೆ ಸಾಲ ಮಾಡಿ ಮನೆ ಕಳೆದುಕೊಂಡವರಿದ್ದಾರೆ, ಆದರೆ ಅವರಿಗೆ ಕಡೇಪಕ್ಷ ಒಂದು ಸಿನಿಮಾ ಆದರೂ ಉಳಿದಿರುತ್ತದೆ. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ಸಂಶೋಧಕರೂ ಬೆನೆಟ್‌ಗೆ ತಲೆದೂಗಿಲ್ಲ. ಕಾನೂನು ಕಾಲೇಜುಗಳನ್ನು ನೋಡಿದ ರಾಬರ್ಟ್ ಕೆಲ್ಚೆನ್‌ಗೆ ಸಾಲಕ್ಕೂ ಫೀಸಿಗೂ ಅಷ್ಟು ಗಟ್ಟಿ ನಂಟು ಕಾಣಲಿಲ್ಲ. ಹಾಗಾಗಿ ಫೀಸು ಏರಿದ್ದಕ್ಕೆ ಸಾಲವೊಂದೇ ಕಾರಣ ಎಂದು ನಾನು ಹೇಳಲಾರೆ. ಆದರೆ ನನ್ನ ವಾದಕ್ಕೆ ಅಷ್ಟರ ಅಗತ್ಯವೂ ಇಲ್ಲ: ಫೀಸು ಏರಲಿ ಬಿಡಲಿ, ಹಣ ಎಣಿಸಿಕೊಂಡವರಿಗೆ ಅದನ್ನು ಹಿಂದಿರುಗಿಸುವ ಹೊಣೆ ಇರಲಿಲ್ಲ ಎಂಬುದಷ್ಟೇ ಸಾಕು.

ಇಲ್ಲಿ ಒಬ್ಬರು ಕೈಯೆತ್ತುತ್ತಾರೆ: ಅಷ್ಟೆಲ್ಲ ಹೆದರಬೇಕಿಲ್ಲ, ಆದಾಯಕ್ಕೆ ತಕ್ಕ ಕಂತು ಇದೆ, ಸಾಲಮನ್ನಾ ಇದೆ. ನಿಜ, ಇದೆ. ಸರ್ಕಾರಿ ಕೆಲಸದಲ್ಲೋ ಲಾಭದ ಉದ್ದೇಶವಿಲ್ಲದ ಸಂಸ್ಥೆಯಲ್ಲೋ ದುಡಿಯುತ್ತ 120 ಕಂತು ಕಟ್ಟಿದರೆ ಉಳಿದದ್ದು ಮಾಫಿ ಎಂದು 2007ರ ಕಾನೂನು ಹೇಳುತ್ತದೆ. ಅಮೆರಿಕದ ಎಷ್ಟೋ ದೊಡ್ಡ ಆಸ್ಪತ್ರೆಗಳು ಕಾಗದದ ಮೇಲೆ ಲಾಭರಹಿತವಾದ್ದರಿಂದ ವೈದ್ಯರಿಗೂ ಇದು ಒದಗಿಬರುತ್ತದೆ. ಒಳ್ಳೆಯದೇ ಆಯಿತು. ಆದರೆ ಆ ಮಾಫಿಯ ಹಣ ಕೊಟ್ಟವರು ಯಾರು? ತೆರಿಗೆದಾರರು. ವಿದ್ಯಾರ್ಥಿ ತೀರಿಸಿದರೆ ಅವನ ಗಂಟು, ತೀರಿಸದಿದ್ದರೆ ಊರಿನ ಗಂಟು. ವಿಶ್ವವಿದ್ಯಾಲಯದ ಬಾಗಿಲಿಗೆ ನೋಟಿಸು ಅಂಟಿಸಲು ಯಾರೂ ಹೋಗುವುದಿಲ್ಲ. ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎಂಬ ಮಾತನ್ನು ಸವದತ್ತಿಯವರು ಹಾರ್ವರ್ಡಿಗೆ ಧಾರಾಳವಾಗಿ ಕಡ ಕೊಡಬಹುದು. ದಿವಾಳಿ ಅರ್ಜಿ ಹಾಕಿ ಪಾರಾಗೋಣವೆಂದರೆ ಅದೂ ಸುಲಭವಲ್ಲ. ಜೂಜಾಡಿ ಕ್ರೆಡಿಟ್ ಕಾರ್ಡ್ ಸಾಲ ಮಾಡಿದವನಿಗೆ ನ್ಯಾಯಾಲಯ ಬೇಗ ಕರಗಬಹುದು, ಓದಲು ಸಾಲ ಮಾಡಿದವನು ಮಾತ್ರ 'ವಿಪರೀತ ಸಂಕಷ್ಟ'ವನ್ನು ಸಾಬೀತು ಮಾಡಿ ತೋರಿಸಬೇಕು.

2025ರ ಜುಲೈ 4ರಂದು ಸಹಿಯಾದ ಕಾನೂನು ಕೊನೆಗೂ ಈ ಹಾಸಿಗೆಗೆ ಕತ್ತರಿ ಹಾಕಿತು. 2026ರ ಜುಲೈ 1ರಿಂದ ಹೊಸಬರಿಗೆ ಗ್ರ್ಯಾಡ್ ಪ್ಲಸ್ ಇಲ್ಲ. ಸಾಮಾನ್ಯ ಸ್ನಾತಕೋತ್ತರಕ್ಕೆ ವರ್ಷಕ್ಕೆ 20,500, ಒಟ್ಟು ಒಂದು ಲಕ್ಷ ಡಾಲರ್. ವೃತ್ತಿಪರ ಪದವಿಗೆ ವರ್ಷಕ್ಕೆ 50,000, ಒಟ್ಟು ಎರಡು ಲಕ್ಷ. ವೃತ್ತಿಪರ ಅಂದರೆ ಯಾವುದು ಎಂದು ತೀರ್ಮಾನಿಸುವಾಗ ನಡೆದದ್ದು ಒಳ್ಳೆಯ ಪ್ರಹಸನ. ಹಳೆಯ ನಿಯಮಾವಳಿಯೊಂದರಲ್ಲಿ ಉದಾಹರಣೆಗೆಂದು ಕೊಟ್ಟಿದ್ದ ಪಟ್ಟಿಯನ್ನು ಹೊರತೆಗೆದರು. ವೈದ್ಯರು, ವಕೀಲರು, ಪಶುವೈದ್ಯರು ಇದ್ದರು. ಬೆನ್ನಿನ ನೆಟಿಗೆ ತೆಗೆಯುವ ಕೈರೋಪ್ರ್ಯಾಕ್ಟರ್ ಇದ್ದ. ದೇವತಾಶಾಸ್ತ್ರ ಓದಿ ಪಾದ್ರಿಯಾಗುವವನೂ ಇದ್ದ. ನರ್ಸುಗಳು ಇರಲಿಲ್ಲ. 2025ರ ನವೆಂಬರಿನಲ್ಲಿ ನಿಯಮ ರೂಪಿಸುವ ಸಮಿತಿ ಒಪ್ಪಿದ ಕರಡಿನಲ್ಲಿ ಕ್ಲಿನಿಕಲ್ ಸೈಕಾಲಜಿ ಸೇರಿತು, ನರ್ಸಿಂಗ್ ಆಗಲೂ ಹೊರಗೇ. ಮಂಗಳೂರಿನಿಂದ ನರ್ಸುಗಳನ್ನು ದೇಶವಿದೇಶಕ್ಕೆ ಕಳಿಸುತ್ತಲೇ ಬಂದ ನಾಡಿನವರಾದ ನಮಗೆ ಈ ಲೆಕ್ಕ ತಲೆಗೆ ಹೋಗುವುದು ಕಷ್ಟ. ಆತ್ಮವನ್ನು ಮೇಲಕ್ಕೆ ಕಳಿಸುವುದು ವೃತ್ತಿ, ದೇಹವನ್ನು ಇಲ್ಲೇ ಉಳಿಸಿಕೊಳ್ಳುವುದು ಬಹುಶಃ ಹವ್ಯಾಸ.

ಗಂಭೀರ ಆಕ್ಷೇಪ ಇನ್ನೊಂದಿದೆ, ಅದನ್ನು ನಗೆಯಲ್ಲಿ ತೇಲಿಸುವಂತಿಲ್ಲ. ಅನೇಕ ಖಾಸಗಿ ವೈದ್ಯಕೀಯ ಕಾಲೇಜುಗಳಲ್ಲಿ ನಾಲ್ಕು ವರ್ಷದ ಖರ್ಚು ಮೂರು ಲಕ್ಷ ಡಾಲರ್ ದಾಟುತ್ತದೆ. ಸರ್ಕಾರ ಎರಡಕ್ಕೆ ಕೈ ತೊಳೆದುಕೊಂಡರೆ ಉಳಿದದ್ದಕ್ಕೆ ಬಡವರ ಮಗಳು ಖಾಸಗಿ ಬ್ಯಾಂಕಿಗೆ ಹೋಗಬೇಕು. ಅಲ್ಲಿ ಜೊತೆಗೆ ಸಹಿ ಹಾಕುವ ಉಳ್ಳವರೊಬ್ಬರು ಬೇಕು, ಆದಾಯಕ್ಕೆ ತಕ್ಕ ಕಂತಿಲ್ಲ, ಮಾಫಿ ಇಲ್ಲ. ಈ ಮಾತಿಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಮಿತಿ ಹಾಕಿದವರು ಅಂಥವಳಿಗೆ ಅನುದಾನವನ್ನೂ ಹೆಚ್ಚಿಸಬೇಕಿತ್ತು, ಹೆಚ್ಚಿಸಲಿಲ್ಲ. ಆದರೂ ಮಿತಿಯ ಬಿಸಿ ಮೊದಲು ಯಾರಿಗೆ ತಟ್ಟಿತೆಂದು ನೋಡಿ. ನಮ್ಮ ಸಾಫ್ಟ್‌ವೇರ್ ಮಂದಿ ತುಂಬಿರುವ ಸಿಲಿಕಾನ್ ಕಣಿವೆಯ ಸಾಂಟಾ ಕ್ಲಾರಾ ವಿಶ್ವವಿದ್ಯಾಲಯದ ಕಾನೂನು ಕಾಲೇಜು, 2026ರಲ್ಲಿ ಪೂರ್ಣಾವಧಿಗೆ ಸೇರುವ ಹೊಸಬರಿಗೆಲ್ಲ 16,000 ಡಾಲರ್ ವಿದ್ಯಾರ್ಥಿವೇತನ ಘೋಷಿಸಿತು. ಅದನ್ನು ಕಳೆದರೆ ವರ್ಷದ ಬೋಧನಾ ಶುಲ್ಕ 50,000ದ ಒಳಗೆ ನೀಟಾಗಿ ಕೂರುತ್ತದೆ. ಕಟ್ಟಡ ಅದೇ, ಪ್ರಾಧ್ಯಾಪಕರು ಅವರೇ, ಕಾನೂನಿನ ಪುಸ್ತಕಗಳು ಒಂದು ಪುಟವೂ ತೆಳ್ಳಗಾಗಿಲ್ಲ. ಸಾಲ ಸಿಗುವಷ್ಟು ಕಾಲ ಈ 16,000 ಡಾಲರ್ ಇಲ್ಲದೆ ಕಾಲೇಜು ನಡೆಯುವುದೇ ಇಲ್ಲ ಎಂದಿತ್ತಲ್ಲ ಲೆಕ್ಕ, ಅದನ್ನು ಬರೆದ ಗುಮಾಸ್ತರನ್ನು ಯಾರಾದರೂ ಒಮ್ಮೆ ಮಾತಾಡಿಸಬೇಕು.